ಡಬಲ್ ಮಾರ್ಕರ್ ಫಾರಂನಲ್ಲಿ ಯಾರೂ ಕೇಳದ ಕಾಲಂ

ಮಗುವಿಗೆ ಕ್ರೋಮೋಸೋಮ್ ತೊಂದರೆ ಇರುವ ಸಾಧ್ಯತೆ ಎಷ್ಟು ಅಂತ ಅಂದಾಜಿಸಲು ಬಸುರಿಗೆ 11ರಿಂದ 13 ವಾರದ ಹೊತ್ತಿಗೆ ಡಬಲ್ ಮಾರ್ಕರ್ ರಕ್ತ ಪರೀಕ್ಷೆ ಬರೆದುಕೊಡುತ್ತೇವೆ. ಲ್ಯಾಬಿನ ಫಾರಂನಲ್ಲಿ ವಯಸ್ಸು, ತೂಕ, ಶುಗರ್ ಜೊತೆಗೆ ‘ಧೂಮಪಾನ’ ಅಂತಲೂ ಒಂದು ಕಾಲಂ ಇರುತ್ತದೆ. ನಮ್ಮ ಕಡೆ ಕೇಳದೆಯೇ ‘ಇಲ್ಲ’ಕ್ಕೆ ಟಿಕ್ ಬೀಳುವುದೇ ಜಾಸ್ತಿ. ಹೆಂಗಸನ್ನು ಅದನ್ನೆಲ್ಲ ಹೇಗೆ ಕೇಳುವುದು ಅನ್ನೋ ಮುಜುಗರ.

ಆ ಕಾಲಂ ಸುಮ್ನೆ ಇಟ್ಟಿದ್ದಲ್ಲ. ಈ ಪರೀಕ್ಷೆ ಅಳೆಯುವ ಎಚ್‌ಸಿಜಿ ಹಾರ್ಮೋನು, ಪಾಪ್-ಎ ಪ್ರೋಟೀನು ಎರಡೂ ಮಾಸಿನಿಂದ ಬರುತ್ತವೆ. ಸೇದುವವರಲ್ಲಿ ಎರಡೂ ಇಳಿಯುತ್ತವೆ, ಪಾಪ್-ಎ ಸುಮಾರು ಶೇ 20ರಷ್ಟು. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಅಂದಾಜೇ ತಪ್ಪುತ್ತದೆ. ಈಸ್ಟ್ರೋಜನ್ ಕೂಡ ಇಳಿಯುತ್ತದೆ. ಸೇದುವವರಿಗೆ ವಾಂತಿ ಕಮ್ಮಿ ಅಂತಾರಲ್ಲ, ಅದರ ಹಿಂದೆ ಇದೂ ಇರಬಹುದು. ಖುಷಿಪಡುವ ವಿಷಯವಲ್ಲ ಬಿಡಿ.

ನನಗೆ ಹೆಚ್ಚು ಚಿಂತೆ ಒತ್ತಡದ ಹಾರ್ಮೋನು ಕಾರ್ಟಿಸಾಲ್‌ನದ್ದು. ತಾಯಿಯ ರಕ್ತದಲ್ಲಿ ಇದು ಮಗುವಿಗಿಂತ ಎಷ್ಟೋ ಪಟ್ಟು ಜಾಸ್ತಿ. ಅಷ್ಟೂ ಒಳಗೆ ಹೋಗದಂತೆ ಮಾಸಿನಲ್ಲಿರುವ ಒಂದು ಕಿಣ್ವ ಬಾಗಿಲು ಕಾಯುತ್ತದೆ, ಕಾರ್ಟಿಸಾಲನ್ನು ಕೆಲಸಕ್ಕೆ ಬಾರದ ಕಾರ್ಟಿಸೋನ್ ಮಾಡಿಬಿಡುತ್ತದೆ. ನಿಕೋಟಿನ್, ಹೊಗೆಯಲ್ಲಿರುವ ಕ್ಯಾಡ್ಮಿಯಂ ಲೋಹ ಎರಡೂ ಈ ಕಿಣ್ವವನ್ನು ಕುಗ್ಗಿಸುವುದು ಮಾಸಿನ ಜೀವಕೋಶಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಮಗುವಿಗೆ ಕಾರ್ಟಿಸಾಲ್ ಜಾಸ್ತಿಯಾದರೆ ಬೆಳವಣಿಗೆ ಹಿಂದೆ ಬೀಳುತ್ತದೆ.

ಹೆರಿಗೆಯಾದ ಮೇಲೂ ಮುಗಿಯಲ್ಲ. ಸೇದುವ ತಾಯಿಯಲ್ಲಿ ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಕಮ್ಮಿಯಾಗುತ್ತದೆ. ಹೊಗೆಯಿಂದ ಮೈಯಲ್ಲಿ ಏರುವ ಥಯೋಸಯನೇಟ್ ಅನ್ನೋ ರಾಸಾಯನಿಕ, ಎದೆಹಾಲಿಗೆ ಅಯೋಡಿನ್ ಸೇರದಂತೆ ಅಡ್ಡಗಟ್ಟುತ್ತದೆ. ಮಗುವಿನ ಥೈರಾಯ್ಡ್‌ಗೆ ಬೇಕಾದದ್ದು ಆ ಅಯೋಡಿನ್ನೇ.

ಈಗ ನಮ್ಮ ಓಪಿಡಿಗೆ ಬನ್ನಿ.

“ಬೀಡಿ, ಸಿಗರೇಟು ಏನಾದ್ರೂ?”

“ಅಯ್ಯೋ, ಇಲ್ಲ ಮೇಡಂ!”

“ಎಲೆ ಅಡಿಕೆ?”

“ಊಟ ಆದ್ಮೇಲೆ ಹಾಕ್ಕೋತೀನಿ.”

“ಹೊಗೆಸೊಪ್ಪು?”

ಪಕ್ಕದಲ್ಲಿರುವ ಅತ್ತೆಯ ಮುಖ ನೋಡುತ್ತಾಳೆ. “ಒಂಚೂರು ಕಡ್ಡಿಪುಡಿ, ಅಷ್ಟೇ.” ಅತ್ತೆಯ ಬಾಯಲ್ಲೂ ಅದೇ ಇರುತ್ತದೆ.

ಕಡ್ಡಿಪುಡಿಯಲ್ಲಿ ಹೊಗೆ ಇಲ್ಲ ನಿಜ, ನಿಕೋಟಿನ್ ಇದೆ. ಅದು ಮಾಸು ದಾಟಿ ಮಗುವನ್ನು ಮುಟ್ಟುತ್ತದೆ. ಮುಂಬೈನ ಬಸುರಿಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆಯಿಲ್ಲದ ತಂಬಾಕು ಬಳಸಿದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಮ್ಮಿ ಇತ್ತು. ಗಂಡ ಮನೆಯೊಳಗೇ ಬೀಡಿ ಸೇದಿದರೆ ಹೊಗೆಯೂ ತಪ್ಪಿದ್ದಲ್ಲ. ಹಾಗಾಗಿ ಅವನನ್ನೂ ಒಳಗೆ ಕರೆಸಿ ಕೂರಿಸುತ್ತೇನೆ.

ಬೈದು ಪ್ರಯೋಜನವಿಲ್ಲ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ, ಅಷ್ಟೇ. ಅದಕ್ಕಿಂತ ಇದನ್ನು ಹೇಳುವುದು ಮೇಲು: 15ನೇ ವಾರದೊಳಗೆ ಸಿಗರೇಟು ಬಿಟ್ಟವರಲ್ಲಿ ಅವಧಿಗೆ ಮುಂಚಿನ ಹೆರಿಗೆ, ಸಣ್ಣ ಮಗು ಹುಟ್ಟುವ ಪ್ರಮಾಣ ಸೇದದವರಷ್ಟೇ ಇತ್ತು ಅಂತ ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಅಧ್ಯಯನ ತೋರಿಸಿದೆ. ಡಬಲ್ ಮಾರ್ಕರ್‌ಗೆ ಬಂದವರಿಗೆ ಇನ್ನೂ ಟೈಮ್ ಇದೆ, ಅಲ್ವಾ? ಒಬ್ಬರೇ ಬಿಡಲು ಕಷ್ಟವಾದರೆ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಬಹುದು, ದುಡ್ಡು ಹೋಗಲ್ಲ.