ಹಸಿದವರಿಗೆ ಗಾಳ ಯಾಕೆ ಕೊಡುತ್ತಾರೆ?

ಪ್ರಶ್ನೆ: ದಕ್ಷಿಣ ಸುಡಾನ್‌ನಲ್ಲಿ ಹಸಿದ ಜನರಿಗೆ ವಿಶ್ವಸಂಸ್ಥೆಯವರು ಮೀನಿನ ಗಾಳ, ತರಕಾರಿ ಬೀಜ ಹಂಚುತ್ತಾರಂತೆ. ಮಳೆಯೇ ಇಲ್ಲದ ಮರುಭೂಮಿಯಲ್ಲಿ ಅದರಿಂದ ಏನು ಪ್ರಯೋಜನ? ಸುಮ್ನೆ ಅಕ್ಕಿ ಕೊಡಬಾರದಾ?

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ‘ಮರುಭೂಮಿ’ ಅನ್ನುವ ಮಾತು ಬಂದೇ ಬರುತ್ತದೆ. ಮೊದಲು ಅದನ್ನು ತಲೆಯಿಂದ ತೆಗೆಯೋಣ. ಅದು ಹೋಗದೆ ಗಾಳದ ವಿಷಯ ಅರ್ಥವಾಗುವುದಿಲ್ಲ.

ಮರುಭೂಮಿ ಇರುವುದು ಸುಡಾನ್‌ನಲ್ಲಿ. 2011ರ ಜುಲೈ 9ರಂದು ಅದರಿಂದ ಬೇರೆಯಾದ ದಕ್ಷಿಣ ಸುಡಾನ್ ನೀರಿನ ನಾಡು. ಬಿಳಿ ನೈಲ್ ನದಿ ಅಲ್ಲಿ ದಡ ಮರೆತು ಹರಡಿಕೊಂಡು ‘ಸುದ್’ ಎಂಬ ದೊಡ್ಡ ಜೌಗು ಪ್ರದೇಶವಾಗುತ್ತದೆ. ಅರಬಿ ಭಾಷೆಯಲ್ಲಿ ಆ ಪದಕ್ಕೆ ತಡೆ ಎಂದು ಅರ್ಥ. ದೋಣಿಗೂ ದಾರಿ ಬಿಡದಷ್ಟು ಜೊಂಡು ಅಲ್ಲಿ ಬೆಳೆಯುತ್ತದೆ. 2006ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ಅದರ ವಿಸ್ತೀರ್ಣ ಸುಮಾರು 57,000 ಚದರ ಕಿಲೋಮೀಟರ್ ಎಂದು ದಾಖಲಾಯಿತು. ಅಂದರೆ ಕರ್ನಾಟಕದ ಕಾಲು ಭಾಗಕ್ಕಿಂತ ಜಾಸ್ತಿ. 2019ರಿಂದ ಮೇಲಿಂದ ಮೇಲೆ ನೆರೆ ಬಂದು, ಬೆಂಟಿಯು ಪಟ್ಟಣದ ಸುತ್ತ ಮಣ್ಣಿನ ಏರಿ ಕಟ್ಟಿಕೊಂಡು ಜನ ಬದುಕಬೇಕಾಯಿತು. ಇದನ್ನು ಮರುಭೂಮಿ ಅನ್ನಬಹುದಾ?

ಹಾಗಾದರೆ ಹಸಿವು ಎಲ್ಲಿಂದ ಬಂತು? 2013ರ ಡಿಸೆಂಬರ್‌ನಲ್ಲಿ ಶುರುವಾದ ಅಂತರ್ಯುದ್ಧದಿಂದ. ಬೆಳೆ ಬರಬೇಕಾದರೆ ಬಿತ್ತಿದವರು ಕೊಯ್ಲಿನವರೆಗೆ ಊರಲ್ಲಿರಬೇಕು, ಅಲ್ವಾ? ಬಿತ್ತನೆಯ ಹೊತ್ತಿಗೇ ಬಂದೂಕು ಊರಿಗೆ ನುಗ್ಗಿತು. ದನಗಳು ಲೂಟಿಯಾದವು. 2017ರ ಫೆಬ್ರವರಿಯಲ್ಲಿ ಕ್ಷಾಮ ಘೋಷಣೆಯಾಗಿದ್ದು ಲೇರ್ ಮತ್ತು ಮಾಯೆಂಡಿಟ್ ಎಂಬ ಕಡೆ. ಎರಡೂ ಇದೇ ಜೌಗಿನ ಪಕ್ಕದಲ್ಲಿವೆ. ಕಣ್ಣೆದುರು ನೀರಿದ್ದೂ ಕ್ಷಾಮ ಬಂತು. ಓಡಿಹೋದವರು ಜೌಗಿನ ನಡುವಿನ ದಿಬ್ಬಗಳಲ್ಲಿ ಅಡಗಿ, ನೈದಿಲೆ ಮತ್ತು ಮೀನು ತಿಂದು ಜೀವ ಉಳಿಸಿಕೊಂಡರು.

ಈಗ ಗಾಳದ ಬೆಲೆ ಗೊತ್ತಾಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೊಡುವ ಮೀನುಗಾರಿಕೆ ಕಿಟ್‌ನಲ್ಲಿ ಬೇರೆ ಬೇರೆ ಅಳತೆಯ ಗಾಳಗಳು, ದಾರ, ಬಲೆ ಹೆಣೆಯುವ ಹುರಿ ಇರುತ್ತವೆ. ಗುಂಡಿನ ಸದ್ದು ಕೇಳಿದಾಗ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿ ಧಾನ್ಯದ ಮೂಟೆ ಹೊರಲಾರಳು. ಗಾಳವನ್ನು ಸೆರಗಿನಂಥ ಬಟ್ಟೆಯ ತುದಿಗೆ ಗಂಟು ಹಾಕಿಕೊಂಡು ಓಡಬಹುದು. ತಲುಪಿದ ಜಾಗದಲ್ಲಿ ನೀರಿದ್ದರೆ ಅದೇ ದಿನ ಮೀನು ಸಿಗಬಹುದು. ನಮ್ಮ ಕೆರೆಗಳಲ್ಲಿ ‘ಜಿಲೇಬಿ’ ಅನ್ನುವ ತಿಲಾಪಿಯಾ ಜಾತಿಯ ಮೀನು ಅಲ್ಲೂ ಸಿಗುತ್ತದೆ. ಜಾಸ್ತಿ ಸಿಕ್ಕರೆ ಸೀಳಿ ಬಿಸಿಲಿಗೆ ಹಾಕುತ್ತಾರೆ. ನೆಲದ ಮೇಲೆ ಹರಡಿದರೆ ಮಣ್ಣು ಮೆತ್ತುತ್ತದೆ, ಹುಳ ಬೀಳುತ್ತದೆ. ಅದಕ್ಕೇ ಕಟ್ಟಿಗೆಯ ಅಟ್ಟಣೆ ಕಟ್ಟಿ ಒಣಗಿಸುವುದನ್ನು ಹೇಳಿಕೊಡುತ್ತಾರೆ.

ಧಾನ್ಯ ಕೊಡುವುದೇ ಇಲ್ಲ ಅಂದುಕೊಳ್ಳಬೇಡಿ. ಕೊಡುತ್ತಾರೆ. ಬಿತ್ತನೆ ಬೀಜವನ್ನೇ ಬೇಯಿಸಿ ತಿನ್ನುವ ಗತಿ ಬರಬಾರದೆಂದು ಬೀಜದ ಜೊತೆಗೇ ಊಟದ ಧಾನ್ಯವನ್ನೂ ಹಂಚುತ್ತಾರೆ. ಆದರೆ ಮಳೆಗಾಲದಲ್ಲಿ ರಸ್ತೆಗಳು ಕೆಸರಾಗಿ ಲಾರಿ ಹೋಗುವುದಿಲ್ಲ. ಎಷ್ಟೋ ಕಡೆ ವಿಮಾನದಿಂದ ಮೂಟೆ ಬೀಳಿಸಬೇಕು. ಆ ಖರ್ಚಿನಲ್ಲಿ ಎಲ್ಲರಿಗೂ ವರ್ಷವಿಡೀ ಉಣಿಸಲು ಆಗುವುದಿಲ್ಲ.

ಇನ್ನು ಅಕ್ಕಿ ಅಂದಿರಿ. ಅಲ್ಲಿನ ಮುಖ್ಯ ಧಾನ್ಯ ಜೋಳ. ಹೌದು, ನಾವು ರೊಟ್ಟಿ ಬಡಿಯುವ ಅದೇ ಜೋಳ. ಇದನ್ನು ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ಜೋಳದ ತವರೇ ಆ ಸೀಮೆ. ಸುಡಾನ್‌ನ ಪೂರ್ವ ಭಾಗದಲ್ಲಿ ಸಿಕ್ಕ, 5,000 ವರ್ಷಕ್ಕೂ ಹಳೆಯ ಮಡಕೆ ಚೂರುಗಳಲ್ಲಿ ಜೋಳದ ಗುರುತುಗಳಿವೆ. ಅಲ್ಲಿಂದ ಹೊರಟು ಅದು ನಮ್ಮ ವಿಜಯಪುರ, ಕಲಬುರಗಿಯ ಎರೆಹೊಲಗಳಿಗೆ ಬಂತು. ನಾವು ಹಿಟ್ಟು ನಾದಿ ಬಡಿಯುತ್ತೇವೆ. ಅವರು ಹಿಟ್ಟನ್ನು ನೀರಿನಲ್ಲಿ ಕಲಸಿ, ಹುಳಿ ಬರಿಸಿ, ಕಾದ ಹಂಚಿನ ಮೇಲೆ ನೀರುದೋಸೆಯಷ್ಟು ತೆಳ್ಳಗೆ ಎಳೆಯುತ್ತಾರೆ. ಅದಕ್ಕೆ ಕಿಸ್ರಾ ಎಂದು ಹೆಸರು. ಒಣಗಿಸಿ ಪುಡಿ ಮಾಡಿದ ಬೆಂಡೆಕಾಯಿ ಹಾಕಿ ಕುದಿಸಿದ ಗೊಜ್ಜಿನಲ್ಲಿ ಅದನ್ನು ಅದ್ದಿ ತಿನ್ನುತ್ತಾರೆ. ತರಕಾರಿ ಬೀಜದ ಕಿಟ್‌ಗಳಲ್ಲಿ ಬೆಂಡೆ ಬೀಜ ಇರುವುದು ಇದಕ್ಕೇ.