ತಲೆಯೊಳಗಿನ ಪುಟ್ಟ ಮೇಜು

ಈ ಲೇಖನದ ಮೊದಲ ವಾಕ್ಯವನ್ನು ಆರು ಸಲ ಅಳಿಸಿದೆ. 'ಬರೆಯುವುದು ಕಷ್ಟ' ಅಂತ ಶುರು ಮಾಡಿದ್ದೆ, ಸಪ್ಪೆ ಅನ್ನಿಸಿತು. 'ಕಷ್ಟ' ತೆಗೆದು 'ಸವಾಲು' ಹಾಕಿದೆ, ಭಾಷಣದ ಹಾಗಾಯಿತು. ಸುತ್ತಿ ಬಳಸಿ 'ಕಷ್ಟ'ಕ್ಕೇ ಬಂದೆ. ಅಷ್ಟರಲ್ಲಿ ಎರಡನೇ ವಾಕ್ಯಕ್ಕೆ ಏನು ಇಟ್ಟುಕೊಂಡಿದ್ದೆ ಅನ್ನೋದೇ ಮರೆತುಹೋಗಿತ್ತು.

ನನಗೆ ಕುತೂಹಲ ಇರುವುದು ಈ ಮರೆವಿನ ಬಗ್ಗೆ. ಯೋಚಿಸುತ್ತಿರುವುದನ್ನು ನಾವು ಗಳಿಗೆ ಹೊತ್ತು ಹಿಡಿದಿಡುವ ಜಾಗಕ್ಕೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ತೀರಾ ಇಕ್ಕಟ್ಟಿನ ಜಾಗ ಅದು. ಒಮ್ಮೆಗೆ ಸುಮಾರು ಏಳು ಸಂಗತಿ ಹಿಡಿಸಬಹುದು ಅಂತ 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಬರೆದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನೂ ನಾಲ್ಕರ ಆಸುಪಾಸಿಗೆ ಇಳಿಸಿದರು. ಒಂದು ಪುಟ್ಟ ಮೇಜು ಅಂದುಕೊಳ್ಳಿ. ಹೇಳಬೇಕಾದ ಮಾತು, ಅದಕ್ಕೆ ಒಪ್ಪುವ ಪದ, ವಾಕ್ಯದ ಬಾಲ, ಇಷ್ಟಿಟ್ಟರೇ ಮೇಜು ಭರ್ತಿ. ಅದರ ಮೇಲೆ ನಮ್ಮೊಳಗಿನ ತಪ್ಪು ಹುಡುಕುವವನೂ ಬಂದು ಮೊಣಕೈ ಊರಿದರೆ ಏನಾದರೂ ಕೆಳಗೆ ಬೀಳಲೇಬೇಕು, ಅಲ್ವಾ? ನಂಬಿಕೆ ಬರದಿದ್ದರೆ 7391 ಅನ್ನು ಮನಸ್ಸಲ್ಲೇ ತಿರುಗಾಮುರುಗಾ ಹೇಳಿಕೊಳ್ಳುತ್ತಾ ಯಾರಿಗಾದರೂ ನಾಲ್ಕು ಸಾಲು ಬರೆದು ನೋಡಿ. ಕಿರಿದಾದ ಬಾಗಿಲಲ್ಲಿ ಒಬ್ಬ ಒಳಕ್ಕೆ, ಇನ್ನೊಬ್ಬ ಹೊರಕ್ಕೆ ಒಟ್ಟಿಗೇ ನುಗ್ಗಿದಂತಾಗುತ್ತದೆ.

ಹಾಗಂತ ನಡುನಡುವೆ ತಿದ್ದುವುದು ರೋಗವೇನಲ್ಲ. ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಎಂಬ ಸಂಶೋಧಕರು, ತಲೆಯಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಬರೆಯಿರಿ ಅಂತ ಜನರನ್ನು ಕೂರಿಸಿದರು. ಯೋಜನೆ, ಬರವಣಿಗೆ, ತಿದ್ದುಪಡಿ ಸಾಲಾಗಿ ಬರುವುದಿಲ್ಲ, ಒಂದರೊಳಗೊಂದು ನುಗ್ಗುತ್ತಲೇ ಇರುತ್ತವೆ ಅಂತ 1981ರಲ್ಲಿ ಬರೆದರು. ತಪ್ಪು ಹುಡುಕುವವನು ಇಣುಕಲಿ, ಪರವಾಗಿಲ್ಲ. ಕುರ್ಚಿ ಎಳೆದುಕೊಂಡು ಕೂತರೆ ಕೆಲಸ ಕೆಡುತ್ತದೆ.

ಆದರೆ 'ಪ್ರತಿಭೆ ಇದ್ದವರಿಗೆ ಮೊದಲ ಸಲವೇ ಸರಿಯಾಗಿ ಬರುತ್ತೆ' ಅನ್ನೋ ಮಾತಿದೆಯಲ್ಲ, ಅದು ಶುದ್ಧ ಮೂಢನಂಬಿಕೆ. ಡಾರ್ವಿನ್ 1842ರಲ್ಲಿ ತನ್ನ ಸಿದ್ಧಾಂತವನ್ನು ಪೆನ್ಸಿಲ್‌ನಲ್ಲಿ 35 ಪುಟ ಗೀಚಿದ. 1844ರಲ್ಲಿ ಅದು 230 ಪುಟವಾಯಿತು. ಪುಸ್ತಕ ಬಂದದ್ದು 1859ಕ್ಕೆ. ಅಲ್ಲಿಗೂ ಮುಗಿಯಲಿಲ್ಲ, 1872ರ ಆರನೇ ಆವೃತ್ತಿಯವರೆಗೂ ತಿದ್ದುತ್ತಲೇ ಇದ್ದ. ಮೊದಲೆಲ್ಲ ವಾಕ್ಯವನ್ನು ಯೋಚಿಸಿಯೇ ಬರೆಯುತ್ತಿದ್ದನಂತೆ. ಆಮೇಲೆ ಕೆಟ್ಟ ಅಕ್ಷರದಲ್ಲಿ, ಅರ್ಧಕ್ಕರ್ಧ ಪದಗಳನ್ನು ಮೊಟಕು ಮಾಡಿ, ಪುಟಗಟ್ಟಲೆ ಗೀಚಿ ನಂತರ ನಿಧಾನವಾಗಿ ತಿದ್ದಿದರೆ ಸಮಯ ಉಳಿಯುತ್ತದೆ ಅಂತ ಕಂಡುಕೊಂಡ. ಹಾಗೆ ಗೀಚಿದ ವಾಕ್ಯಗಳೇ ಎಷ್ಟೋ ಸಲ ಹೆಚ್ಚು ಚೆನ್ನಾಗಿರುತ್ತಿದ್ದವು ಅಂತ ಆತ್ಮಕಥೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ.

ನಾನೂ ಕೊನೆಗೆ ಲ್ಯಾಪ್‌ಟಾಪ್ ಪರದೆಯ ಬೆಳಕು ಪೂರ್ತಿ ಇಳಿಸಿ, ಏನೂ ಕಾಣದ ಹಾಗೆ ಇಪ್ಪತ್ತು ನಿಮಿಷ ಟೈಪ್ ಮಾಡಿದೆ. ಬೆಳಕು ಏರಿಸಿದರೆ ಸಾಲಿಗೆರಡು ಕಾಗುಣಿತದ ತಪ್ಪು. 'ಮೇಜು' ಅಂತ ಹೊಡೆಯಲು ಹೋಗಿ 'ಮೋಜು' ಆಗಿತ್ತು.