ಕ್ಯಾನ್ಸರ್ ಅಂತ ಪೇಶೆಂಟ್‌ಗೆ ಹೇಳೋದಾ ಬೇಡ್ವಾ: ಈ ಗೋಜಲು ಬೆಳೆದಿದ್ದು ಹೇಗೆ

"ಡಾಕ್ಟ್ರೇ, ಅಮ್ಮಂಗೆ ಮಾತ್ರ ಹೇಳ್ಬೇಡಿ, ಗೊತ್ತಾದ್ರೆ ಧೈರ್ಯ ಕಳ್ಕೊಂಡ್ಬಿಡ್ತಾರೆ." ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇದು ಎಷ್ಟು ಮಾಮೂಲಿ ಮಾತು ಅಂದ್ರೆ, ರಿಪೋರ್ಟ್ ಬಂದ ದಿನ ಮಗ, ಅಳಿಯ, ಚಿಕ್ಕಪ್ಪ ಎಲ್ಲಾ ಡಾಕ್ಟ್ರ ರೂಮಲ್ಲಿ ಇರ್ತಾರೆ, ಕಾಯಿಲೆ ಇರೋರು ಮಾತ್ರ ಹೊರಗೆ. ಈಗ ಇದರ ಜೊತೆಗೆ ಕನ್ಸೆಂಟ್ ಫಾರಂ, ಲಿವಿಂಗ್ ವಿಲ್ (ಮುಂದೆ ಮಾತಾಡೋಕಾಗದ ಸ್ಥಿತಿ ಬಂದ್ರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದ್ಲೇ ಬರೆದಿಡೋ ಪತ್ರ), ನಾಟಿ ಔಷಧಿ, ಹರಕೆ, ಬಿಲ್ಲು ಎಲ್ಲಾ ಸೇರ್ಕೊಂಡು ಯಾರು ಯಾರಿಗೆ ಏನು ಹೇಳ್ಬೇಕು ಅನ್ನೋದೇ ಗೊತ್ತಾಗದ ಹಾಗಾಗಿದೆ. ಸ್ವಲ್ಪ ಹಿಂದಿನಿಂದ ನೋಡೋಣ.

ಮುಚ್ಚಿಡೋದು ನಮ್ಮ ದೇಶದ ಸೆಂಟಿಮೆಂಟ್ ಅಂತ ಸುಮಾರು ಜನ ಅಂದ್ಕೊಂಡಿದಾರೆ. 1961ರಲ್ಲಿ ಡೊನಾಲ್ಡ್ ಓಕನ್ ಅನ್ನೋರು ಶಿಕಾಗೋದ ಡಾಕ್ಟ್ರುಗಳನ್ನ ಕೇಳಿದಾಗ ಅಲ್ಲೂ 90% ಹತ್ತಿರ ಜನ ಕ್ಯಾನ್ಸರ್ ಅಂತ ಪೇಶೆಂಟ್‌ಗೆ ಸಾಮಾನ್ಯವಾಗಿ ಹೇಳಲ್ಲ ಅಂದಿದ್ರು. 1979ರಲ್ಲಿ ಅಮೆರಿಕದಲ್ಲೇ ಅದೇ ಥರದ ಸರ್ವೇ ಮಾಡಿದ್ರೆ 97% ಜನ ಹೇಳೋದೇ ಸರಿ ಅಂದ್ರು. ಮಧ್ಯದಲ್ಲಿ ಕೀಮೋ ಬಂತು, ರೇಡಿಯೇಷನ್ ಸುಧಾರಿಸ್ತು, ರೋಗಿಯ ಹಕ್ಕಿನ ಮಾತು ಶುರುವಾಯ್ತು. ಕೊಡೋಕೆ ಏನೂ ಇಲ್ದಾಗ ಸುಮ್ನಿರೋದೇ ಕರುಣೆ ಅನ್ನಿಸ್ತಿತ್ತು, ಔಷಧಿ ಬಂದ್ಮೇಲೆ ಆ ಕಾರಣ ಉಳೀಲಿಲ್ಲ.

ನಮ್ಮಲ್ಲಿ ಔಷಧಿನೂ ಬಂತು, ಆ ಅಭ್ಯಾಸನೂ ಉಳೀತು. ಮುಂಬೈಯ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್ 1941ರಲ್ಲಿ ಶುರುವಾಯ್ತು, ಬೆಂಗಳೂರಿನ ಕಿದ್ವಾಯಿ 1973ರಲ್ಲಿ. ಆದ್ರೆ ಹಳ್ಳಿಗಳಿಂದ ಬರ್ತಿದ್ದೋರಲ್ಲಿ ಬಹಳ ಜನ ಬರೋ ಹೊತ್ತಿಗೆ ಕಾಯಿಲೆ ಕೈಮೀರಿರ್ತಿತ್ತು, ಹಂಗಾಗಿ ಊರಲ್ಲಿ "ಕಿದ್ವಾಯಿಗೆ ಬರ್ಕೊಟ್ಟಿದಾರಂತೆ" ಅಂದ್ರೆ ಸಾಕು, ಜನ ಮಾತಾಡೋ ದನಿನೇ ಬದಲಾಗ್ತಿತ್ತು. "ಬರೀ ಗಡ್ಡೆ ಅಮ್ಮ, ಸ್ವಲ್ಪ ಕರೆಂಟ್ ಕೊಡ್ತಾರೆ, ಸರಿಹೋಗತ್ತೆ" ಅಂತ ಮಕ್ಕಳು ಹೇಳ್ತಾರೆ, ಅಮ್ಮಂಗೆ ಅಲ್ಲಿನ ಬೋರ್ಡು ಕಾಣತ್ತೆ, ಪಕ್ಕದ ಬೆಡ್‌ನೋರ ಕೂದಲು ಉದುರೋದು ಕಾಣತ್ತೆ, ಎಲ್ಲಾ ಗೊತ್ತಾಗಿರತ್ತೆ, ಆದ್ರೂ ಮಕ್ಕಳು ನೊಂದ್ಕೋತಾರೆ ಅಂತ ಗೊತ್ತಿಲ್ಲದೋರ ಹಾಗೆ ಇರ್ತಾರೆ. ಎರಡೂ ಕಡೆ ಇರೋದು ಪ್ರೀತಿನೇ. ಆದ್ರೆ ಜಮೀನಿನ ಪತ್ರ ಎಲ್ಲಿದೆ, ಚಿಕ್ಕ ಮಗಳ ಮದುವೆ ಕಥೆ ಏನು, ಯಾವ ದೇವ್ರಿಗೆ ಹೇಳ್ಕೊಂಡಿದ್ದು ಬಾಕಿ ಇದೆ ಅನ್ನೋ ಮಾತು ಆಡೋಕೆ ಅವರಿಗೆ ಜನಾನೇ ಇಲ್ದಂಗಾಗತ್ತೆ.

ಕಾನೂನು ಈ ವಿಷಯದಲ್ಲಿ ನಿಧಾನಕ್ಕೆ ಬಂತು. 2002ರ ವೈದ್ಯಕೀಯ ನೀತಿ ನಿಯಮದಲ್ಲಿ ಡಾಕ್ಟ್ರು ಕಾಯಿಲೆಯ ಗಂಭೀರತೆಯನ್ನ ಹೆಚ್ಚು ಮಾಡಿಯೂ ಹೇಳ್ಬಾರ್ದು, ಕಮ್ಮಿ ಮಾಡಿಯೂ ಹೇಳ್ಬಾರ್ದು ಅಂತಿದೆ, ಆದ್ರೆ ತಿಳಿಸೋದು ಪೇಶೆಂಟ್‌ಗೆ, ಸಂಬಂಧಿಕರಿಗೆ ಅಥವಾ ಜವಾಬ್ದಾರಿ ಇರೋ ಸ್ನೇಹಿತರಿಗೆ ಅನ್ನೋ ಥರ ಬರೆದಿದೆ, ಅಂದ್ರೆ ಮಗನಿಗೆ ಹೇಳಿ ಸುಮ್ನಾದ್ರೂ ನಿಯಮ ಮುರಿದಂಗೆ ಕಾಣಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಕೇಸ್ ಬಂತು. ಅದು ಕ್ಯಾನ್ಸರ್ ಕೇಸಲ್ಲ, ಅನಸ್ತೇಶಿಯಾದಲ್ಲಿ ಇದ್ದ ಹೆಂಗಸಿನ ತಾಯಿಯ ಒಪ್ಪಿಗೆ ತಗೊಂಡು ದೊಡ್ಡ ಆಪರೇಷನ್ ಮಾಡಿದ್ದು, ವಯಸ್ಕರ ವಿಷಯದಲ್ಲಿ ಅವರದ್ದೇ ಒಪ್ಪಿಗೆ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳ್ತು. ಪೇಪರ್ ಮೇಲೆ ವಿಷಯ ಅಲ್ಲಿಗೆ ಮುಗೀಬೇಕಿತ್ತು.

ಮುಗೀಲಿಲ್ಲ, ಯಾಕಂದ್ರೆ ನಂಬಿಕೆ ಸಹಿಯಿಂದ ಹುಟ್ಟಲ್ಲ. ಕ್ಯಾನ್ಸರ್ ಅಂದ ಕೂಡ್ಲೇ ಮನೆಯಲ್ಲಿ ಮೊದಲು ಏಳೋ ಪ್ರಶ್ನೆ "ಯಾವ ಜನ್ಮದ ಪಾಪನಪ್ಪಾ ಇದು" ಅನ್ನೋದು. ಧರ್ಮಸ್ಥಳಕ್ಕೆ ಹರಕೆ ಕಟ್ತಾರೆ, ಮಂತ್ರಾಲಯಕ್ಕೆ ಹೋಗ್ತಾರೆ, ದರ್ಗಾದ ತಾಯತ, ಚರ್ಚಿನ ಪ್ರಾರ್ಥನೆ, ಎಲ್ಲಾ ಒಂದೇ ವಾರದಲ್ಲಿ. ಶಿವಮೊಗ್ಗ ಜಿಲ್ಲೆಯ ನರಸೀಪುರದಲ್ಲಿ ಮರದ ತೊಗಟೆ ಔಷಧಿಗೆ ವರ್ಷಗಟ್ಟಲೆ ಬೇರೆ ಬೇರೆ ರಾಜ್ಯದಿಂದ ಜನ ಬಂದು ಸಾಲಲ್ಲಿ ನಿಂತಿದ್ದು ಬರೀ ಮೂಢನಂಬಿಕೆ ಅಂತ ಬಿಟ್ಟುಬಿಟ್ರೆ ಏನೂ ಅರ್ಥ ಆಗಲ್ಲ, ಆಸ್ಪತ್ರೆಯಲ್ಲಿ ಸಿಗದ ಯಾವುದೋ ಧೈರ್ಯ ಅಲ್ಲಿ ಸಿಗ್ತಿತ್ತು. ಓಪಿಡಿಯಲ್ಲಿ ನೂರಾರು ಜನ ಕಾಯ್ತಿರುವಾಗ ಡಾಕ್ಟ್ರಿಗೆ ಇದನ್ನೆಲ್ಲಾ ಕೇಳೋಕೆ ಟೈಮಿರಲ್ಲ, ಒಂದ್ಸಲ ಬೈದ್ರೆ ಪೇಶೆಂಟ್ ಮುಂದಿನ ಸಲದಿಂದ ಕಷಾಯದ ವಿಷಯ ಬಾಯಿ ಬಿಡಲ್ಲ, ಕೀಮೋ ನಡೀತಿರುವಾಗ ಲಿವರ್‌ಗೆ ತೊಂದರೆ ಮಾಡೋ ಔಷಧಿ ಗುಟ್ಟಾಗಿ ಒಳಗೆ ಹೋಗ್ತಿರತ್ತೆ. ಇದು ಬೇರೆ ಕಡೆನೂ ಇದೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕ್ಯಾನ್ಸರ್ ತುಂಬಾ ಮುಂದುವರೆದಿದ್ದೋರಲ್ಲಿ 72% ಜನ ತಮ್ಮ ಆಧ್ಯಾತ್ಮಿಕ ಅಗತ್ಯಗಳಿಗೆ ವೈದ್ಯಕೀಯ ವ್ಯವಸ್ಥೆಯಿಂದ ಸಿಕ್ಕ ಬೆಂಬಲ ಬಹಳ ಕಮ್ಮಿ ಅಥವಾ ಏನೂ ಇಲ್ಲ ಅಂದ್ರು.

ದಾರಿ ತೋರಿಸಿದ್ದು ವಾಸಿ ಮಾಡ್ತೀವಿ ಅನ್ನದ ಒಂದು ವಿಭಾಗ, ಪ್ಯಾಲಿಯೇಟಿವ್ ಕೇರ್, ಅಂದ್ರೆ ನೋವು, ಸಂಕಟ ಕಮ್ಮಿ ಮಾಡೋ ಆರೈಕೆ. 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಅನ್ನೋ ಡಾಕ್ಟ್ರು ಹಾಸ್ಪಿಸ್ (ವಾಸಿಯಾಗದ ಕಾಯಿಲೆ ಇರೋರನ್ನ ಕೊನೆಗಾಲದಲ್ಲಿ ನೋಡ್ಕೊಳ್ಳೋ ಜಾಗ) ಶುರುಮಾಡಿದ್ರು, ನೋವು ಬರೀ ಮೈಯದ್ದಲ್ಲ, ಮನಸ್ಸು, ಮನೆ, ನಂಬಿಕೆ ಎಲ್ಲಾದ್ರಲ್ಲೂ ಇರತ್ತೆ ಅಂದ್ರು. ನಮ್ಮಲ್ಲಿ 1986ರಲ್ಲಿ ಮುಂಬೈಯ ಶಾಂತಿ ಅವೇದನಾ ಹಾಸ್ಪಿಸ್, 1993ರಲ್ಲಿ ಕೋಳಿಕ್ಕೋಡಿನ ಪ್ಯಾಲಿಯೇಟಿವ್ ಸೊಸೈಟಿ ಶುರುವಾದ್ವು. ಬೆಂಗಳೂರಲ್ಲಿ 1994ರಲ್ಲಿ ಹುಟ್ಟಿದ ಟ್ರಸ್ಟ್ 1999ರಲ್ಲಿ ಕರುಣಾಶ್ರಯ ಅನ್ನೋ ಹಾಸ್ಪಿಸ್ ಕಟ್ಟಡ ತೆರೀತು, ಅಲ್ಲಿ ಆರೈಕೆಗೆ ದುಡ್ಡು ತಗೊಳ್ಳಲ್ಲ. ಈ ಕೆಲಸದೋರು ಕಲ್ತಿರೋ ಕ್ರಮ ನಂಗೆ ತುಂಬಾ ಸರಿ ಅನ್ಸತ್ತೆ: ಹೇಳೋದಕ್ಕೆ ಮುಂಚೆ ಕೇಳ್ತಾರೆ. "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಗೊತ್ತು? ಇನ್ನೂ ಎಷ್ಟು ತಿಳ್ಕೋಬೇಕು ಅನ್ಸತ್ತೆ? ಯಾವುದು ಹೆದರಿಕೆ?" ಕೆಲವರು ಎಲ್ಲಾ ಕೇಳ್ತಾರೆ, ಕೆಲವರು "ನನ್ ಮಗನಿಗೆ ಹೇಳಿ ಸಾಕು" ಅಂತಾರೆ, ಅದೂ ಅವರದ್ದೇ ತೀರ್ಮಾನ, ಬೇರೆಯೋರು ಅವರ ಪರವಾಗಿ ಮಾಡಿದ್ದಲ್ಲ. ನೋವಿಗೆ ಸರಿಯಾಗಿ ಮಾರ್ಫಿನ್ ಸಿಕ್ಕಿ ನಿದ್ದೆ ಬಂದ್ಮೇಲೆ ಭರವಸೆನೂ ಬೇರೆ ರೂಪ ತಗೊಳತ್ತೆ, ಮೊಮ್ಮಗುವಿನ ನಾಮಕರಣ ನೋಡ್ಬೇಕು, ಮನೇಲೇ ಇರ್ಬೇಕು ಅನ್ನೋ ಥರ. ಮಾರ್ಫಿನ್ ಅಫೀಮಿನಿಂದ ಮಾಡೋ ಔಷಧಿ ಆದ್ರಿಂದ ಅದು ಸಿಗೋದೇ 1985ರ ಮಾದಕ ವಸ್ತು ಕಾಯ್ದೆಯಿಂದ ಎಷ್ಟೋ ವರ್ಷ ಕಷ್ಟ ಆಗಿತ್ತು, 2014ರ ತಿದ್ದುಪಡಿಯಿಂದ ಸ್ವಲ್ಪ ಸಡಿಲ ಆಯ್ತು.

2019ರಿಂದ ಎಂಬಿಬಿಎಸ್ ಹುಡುಗರಿಗೆ ಪೇಶೆಂಟ್ ಜೊತೆ ಮಾತಾಡೋದನ್ನ ಪಠ್ಯದಲ್ಲೇ ಕಲಿಸ್ತಿದಾರೆ. 2018ರಲ್ಲಿ ಸುಪ್ರೀಂ ಕೋರ್ಟ್ ಲಿವಿಂಗ್ ವಿಲ್ ಒಪ್ಕೊಳ್ತು, 2023ರಲ್ಲಿ ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಮುಂದೆ ಸಹಿ ಹಾಕಿದ್ರೆ ಸಾಕು ಅಂತ ಸುಲಭ ಮಾಡ್ತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನ ಜಾರಿ ಮಾಡೋಕೆ ಆದೇಶ ಹೊರಡಿಸ್ತು. ಆದ್ರೆ ಅದನ್ನ ಬರೆಯೋರಿಗೆ ತಮಗೆ ಏನಾಗಿದೆ ಅಂತ ಗೊತ್ತಿರ್ಬೇಕು, ಬುದ್ಧಿ ಸ್ಪಷ್ಟ ಇರುವಾಗ್ಲೇ ಬರೀಬೇಕು. ಕಾಯಿಲೆ ಹೆಸರೇ ಹೇಳದ ಮನೆಗಳಲ್ಲಿ ಈ ಮಾತು ಶುರುವಾಗೋದು ಐಸಿಯು ಬಾಗಿಲ ಹತ್ರ, ಆ ಹೊತ್ತಿಗೆ ವೆಂಟಿಲೇಟರ್ ಬೇಕಾ ಬೇಡ್ವಾ ಅನ್ನೋ ಪ್ರಶ್ನೆಗೆ ಉತ್ತರ ಕೊಡ್ಬೇಕಾಗಿರೋದು ಮಕ್ಕಳು.